ಇನ್ನೂರ ಹದಿಮೂರನೆಯದು

ಸೊಹಾರಿನಲ್ಲಿ ಆಗಸ್ಟ್. ಹೊರಗೆ ನಲವತ್ತೇಳು ಡಿಗ್ರಿ.
ಒಳಗೆ ಸರ್ವರ್ ಕೋಣೆಯಲ್ಲಿ ಸ್ವೆಟರ್ ತೊಟ್ಟು
ಕಪಾಟುಗಳ ಮುಂದೆ ಮಂಡಿಯೂರಿ
ಒಂದೊಂದರ ಹಣೆಯ ಚೀಟಿ ಓದುತ್ತೇನೆ,
ಜನಗಣತಿಗೆ ಬಂದ ಮೇಷ್ಟರ ಹಾಗೆ:
ಹೆಸರೇನು, ವಯಸ್ಸೆಷ್ಟು, ನೆನಪೆಷ್ಟು, ಯಾರ ಪೈಕಿ.

ಸಮುದ್ರದ ಉಪ್ಪು ಕಳೆದು ಕುಡಿವ ನೀರು ಮಾಡುವ ಕಾರ್ಖಾನೆ.
ಪಂಪುಗಳನ್ನು ಈ ಸರ್ವರುಗಳು ನೋಡಿಕೊಳ್ಳುತ್ತವೆ,
ಸರ್ವರುಗಳನ್ನು ನೋಡಿಕೊಳ್ಳಲು ಈಗೊಂದು ಹೊಸ ಸಾಫ್ಟ್‌ವೇರ್.
ಅದನ್ನು ಎಲ್ಲಿ, ಯಾವಾಗ, ಯಾವುದರ ಬೆನ್ನಿಗೆ ಯಾವುದು
ಎಂದು ಬರೆದುಕೊಡುವುದು ನನ್ನ ಆರು ವಾರದ ಕೂಲಿ.

ಪ್ರತಿ ಸರ್ವರಿನಲ್ಲೂ ಒಬ್ಬ ಏಜೆಂಟನನ್ನು ಕೂರಿಸಬೇಕು
ಅಂದಾಗ ಕ್ಯಾಂಟೀನಿನ ಮೇಜಿಗೆ ಮೇಜೇ ನಕ್ಕಿತು.
ಇಲ್ಲಿ ಏಜೆಂಟನ ಕಾಣದೆ ಬಂದವರು ಯಾರು?
ನನ್ನವನು ಹುಬ್ಬಳ್ಳಿಯಲ್ಲಿ, ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ,
ಪಾಸ್‌ಪೋರ್ಟು ಡ್ರಾಯರಿಗೆ ಹಾಕಿ "ಚಿಂತಿ ಬ್ಯಾಡ ತಂಗಿ" ಅಂದಿದ್ದ.
ಆಮೇಲೆ ಎಂಟು ತಿಂಗಳು ಅದೊಂದೇ ಇತ್ತು.
ಈ ಏಜೆಂಟ್ ಹಾಗಲ್ಲ, ಅಂದೆ. ದುಡ್ಡು ಕೇಳುವುದಿಲ್ಲ.
ಐದು ನಿಮಿಷಕ್ಕೊಮ್ಮೆ "ಇದ್ದೇನೆ" ಅನ್ನುತ್ತಾನೆ.
ಅನ್ನದಿದ್ದರೆ ಪರದೆಯ ಮೇಲೆ ಕೆಂಪು ಚುಕ್ಕೆ.

ಮೊದಲ ಕರಡಿನಲ್ಲಿ ಎಲ್ಲ ಸಲೀಸು.
ಪರೀಕ್ಷೆಗೆ ನಾಲ್ಕು, ಆಮೇಲೆ ಇಪ್ಪತ್ತು, ಆಮೇಲೆ ಉಳಿದವು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ
ನಮ್ಮ ಕಸುಬಿನಲ್ಲಿ ತಲೆಕೆಳಗು:
ಮೂರು ವರ್ಷದಲ್ಲಿ ಕಾಲು ಎಷ್ಟು ಬೆಳೆದೀತೆಂದು ಊಹಿಸಿ
ಹಾಸಿಗೆಯನ್ನು ಇವತ್ತೇ ಕೊಳ್ಳಬೇಕು.
ಖಲ್ಫಾನ್ ಕೇಳಿದ್ದು ಒಂದೇ: "ನೀರು ನಿಲ್ಲುತ್ತದೆಯೆ?"
ಇಲ್ಲ. ಗುರುವಾರ ರಾತ್ರಿ ಒಂದಕ್ಕೆ ಶುರು,
ಬೆಳಗಿನ ಬಾಂಗಿಗೆ ಮುಂಚೆ ಮುಗಿಯುತ್ತದೆ.
"ಬಾಂಗು ಯಾರಿಗೂ ಕಾಯುವುದಿಲ್ಲ" ಅಂದ,
ನಕ್ಕನೋ ಇಲ್ಲವೋ ತಿಳಿಯಲಿಲ್ಲ.

ಪಟ್ಟಿಯಲ್ಲಿ ಇನ್ನೂರ ಹನ್ನೆರಡು, ಕಪಾಟಿನಲ್ಲೂ ಅಷ್ಟೇ.
ನೆಟ್‌ವರ್ಕಿನಲ್ಲಿ ಕಿವಿಯಿಟ್ಟರೆ ಇನ್ನೂರ ಹದಿಮೂರು.
ಒಂದರ ಉಸಿರು ಕೇಳಿಸುತ್ತದೆ, ಮೈ ಇಲ್ಲ.

ಮೂರು ದಿನ ಕೇಬಲ್ಲಿನ ಬಾಲ ಹಿಡಿದು ನಡೆದೆ.
ಹಳೇ ಪಂಪ್‌ಹೌಸಿನ ಹಿಂದೆ ವಾಚ್‌ಮನ್ ಅಬುಲ್ ಬಶರನ ಕೋಣೆ;
ಮಂಚದ ಕೆಳಗೆ, ಈರುಳ್ಳಿ ಚೀಲಕ್ಕೆ ಒರಗಿಕೊಂಡು,
ಹದಿನೈದು ವರ್ಷದ ಮುದಿ ಯಂತ್ರ, ಮೂಗಿನ ತುಂಬ ಮರಳು.
ಟೇಪು ಹಚ್ಚಿದ ಚೀಟಿ. ನಾನು ಬರುವ ಮೊದಲೇ
ಕೆಲಸ ಬಿಟ್ಟ ಮೆನೇಜಸರ ಅಕ್ಷರ, ಅದೂ ಕನ್ನಡದಲ್ಲಿ:
"ಮುಟ್ಟಬೇಡಿ. ನೀರು."
ಇಲ್ಲಿ ಕನ್ನಡ ಓದುವವರು ಯಾರಿದ್ದರು?
ಯಾರು ಬಂದಾರೆಂದು ಬರೆದರು?

ಬಶರ್ ತನ್ನ ಹರಕು ಹಿಂದಿಯಲ್ಲಿ ಹೇಳಿದ:
ದಿನಾ ನಸುಕಿಗೆ, ನಾಲ್ಕಕ್ಕೆ, ಇದು ಕಿರ್ರೆನ್ನುತ್ತದೆ.
ಆಮೇಲೆ ಟ್ಯಾಂಕರುಗಳಿಗೆ ಸರದಿ ಹೋಗುತ್ತದೆ,
ಬೆಟ್ಟದ ಮೇಲೆ ಪೈಪಿಲ್ಲದ ಹನ್ನೊಂದು ಹಳ್ಳಿಗೆ.
ನಿಂತಾಗ ಒಂದು ಒದೆ ಕೊಡುತ್ತೇನೆ. ಮೆಲ್ಲಗೆ. ಇಲ್ಲಿ.

ನಿಯಮದ ಪುಸ್ತಕ ತೆರೆದು ನೋಡಿದೆ. ಏಜೆಂಟ್ ಕೂರುವುದಿಲ್ಲ.
ವಯಸ್ಸು ಮೀರಿದೆ, ನೆನಪು ಸಾಲದು,
ಯಾವ ದಾಖಲೆಯಲ್ಲೂ ಹೆಸರಿಲ್ಲ, ಅಂದೆ ಬಶರನಿಗೆ.
ಅವನು ತಲೆಯಾಡಿಸಿದ. ಆ ವಾಕ್ಯ ಅವನಿಗೆ ಬಾಯಿಪಾಠ.

ಹೊಸ ಯಂತ್ರಕ್ಕೆ ಮೂರು ತಿಂಗಳು ಹಿಡಿಯುತ್ತದೆ.
ಅಲ್ಲಿಯತನಕ, ಕೊನೆಯ ಸಾಲಿನಲ್ಲಿ ಹೀಗೆ ಬರೆದೆ:
ಇನ್ನೂರ ಹದಿಮೂರು. ಏಜೆಂಟ್: ಎ. ಬಶರ್.
ವರದಿ: ದಿನಕ್ಕೊಂದು ಮಿಸ್ಡ್ ಕಾಲ್.

ಖಲ್ಫಾನ್ ಎರಡು ಸಲ ಓದಿದ. ಪೆನ್ನಿನ ಕ್ಯಾಪು ಕಚ್ಚಿದ.
"ಇವನಿಗೆ ರಜೆ ಯಾವಾಗ?"
ನನ್ನ ಯೋಜನೆಯಲ್ಲಿ ಆ ಕಾಲಂ ಇರಲಿಲ್ಲ.
ಸೇರಿಸಿದೆ. ಸಹಿ ಬಿತ್ತು.

ಗುರುವಾರ ರಾತ್ರಿ ಒಂದೊಂದಾಗಿ ಹಸಿರಾದವು.
ಎಪ್ಪತ್ತೊಂದನೆಯದು ಹಟ ಹಿಡಿದು ಎರಡು ಸಲ ಬಿದ್ದೆದ್ದಿತು.
ಚಹಾ ಆರಿತ್ತು. ಯಾರೋ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು.
ಗೋಡೆಯ ತುಂಬ "ಇದ್ದೇನೆ, ಇದ್ದೇನೆ" ಎಂಬ ಚುಕ್ಕೆಗಳು,
ನಾನು ಮಾತ್ರ ಅಂಗೈಯಲ್ಲಿ ಫೋನು ಹಿಡಿದು ಕೂತಿದ್ದೆ.

ನಾಲ್ಕು ದಾಟಿ ಎರಡು ನಿಮಿಷಕ್ಕೆ
ಒಂದು ಸಲ ನಡುಗಿ ನಿಂತಿತು.

ಎತ್ತಬಾರದು.
ಎತ್ತಿದರೆ ಅವನಿಗೆ ದುಡ್ಡು ಹೋಗುತ್ತದೆ.