ನೀರುಗಂಟಿಯ ಮಗಳು

ಬೆಟ್ಟದ ಹೊಟ್ಟೆಯಿಂದ ಕತ್ತಲಲ್ಲೇ ನಡೆದು ಬಂದ ನೀರು
ನಮ್ಮೂರ ಬಾಯಲ್ಲಿ ಮೊದಲ ಸಲ ಬೆಳಕು ಕಾಣುತ್ತದೆ.
ಅಲ್ಲಿ ಅದಕ್ಕೆ ಒಡೆಯರಿಲ್ಲ.
ದಾರಿಹೋಕ ಕುಡಿಯಬಹುದು, ಅವನ ಕತ್ತೆ ಕುಡಿಯಬಹುದು,
ಹೆಸರು ಕೇಳುವಂತಿಲ್ಲ.
ಆಮೇಲೆ ಮಸೀದಿ.
ಆಮೇಲೆ ಹೆಂಗಸರು ಮೀಯುವ ಗೋಡೆಮರೆ.
ಆಮೇಲೆ ತೋಟ, ಅದೂ ಸರದಿ ಬಂದರೆ.

ಓಮಾನಿನ ಈ ಮೂಲೆಯಲ್ಲಿ ಇದನ್ನು ಯಾರೂ ಬರೆದಿಟ್ಟಿಲ್ಲ.
ನಾಲಗೆಯ ಮೇಲೆ ಇಟ್ಟುಕೊಂಡವನು ನನ್ನಪ್ಪ, ಖಲ್ಫಾನ್.
ಹಗಲು ಕೋಲಿನ ನೆರಳು, ಇರುಳು ಚುಕ್ಕಿ,
ನಲವತ್ತು ವರ್ಷ ಅಳೆದು ಅಳೆದು ಕೊಟ್ಟ.
ಅರ್ಧ ಗಂಟೆಗೆ ಒಂದು ಅಥರ್,
ಒಂದು ಅಥರ್‌ಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಊರು ಇದು.

ಈಗ ಅವನ ಕಣ್ಣಿಗೆ ಪೊರೆ.
ಚಿಂದಿ ಸುತ್ತಿದ ಕಲ್ಲನ್ನು ಕಾಲುವೆಯ ಬಾಯಿಂದ ಬಾಯಿಗೆ
ಹೊರುವವಳು ನಾನು, ಜುವೈನಾ.
ಹೊತ್ತು ನೋಡುವುದು ಫೋನಿನಲ್ಲಿ.
ಚುಕ್ಕಿ ನೋಡಿದೆ ಎಂದು ಅಪ್ಪನಿಗೆ ದಿನಾ ಸುಳ್ಳು.
ಹೆಣ್ಣು ಕೈಯ ನೀರು ತೆಳ್ಳಗೆ ಅನ್ನುತ್ತಾನೆ ಹಿಲಾಲ್.
ಬಿಟ್ಟುಬಿಡು, ಮೋಟಾರು ಹಾಕಿಸು ಅನ್ನುತ್ತಾನೆ
ಮಸ್ಕತ್ತಿನಿಂದ ತಮ್ಮ. ಬಿಲ್ಲಿನ ಮಾತು ಎತ್ತುವುದಿಲ್ಲ.

ನಿನ್ನೆ ರಾತ್ರಿ ಎರಡೂವರೆಗೆ ನಮ್ಮದೇ ಸರದಿ.
ಒಂಬತ್ತು ದಿನಕ್ಕೊಮ್ಮೆ, ಒಂದೇ ಒಂದು ಅಥರ್,
ಅವ್ವ ನೆಟ್ಟ ಆರು ನಿಂಬೆ ಬಾಯಿ ಕಳೆದು ಕೂತಿದ್ದವು.
ಕಲ್ಲು ಎತ್ತಿಟ್ಟು ಬೆನ್ನು ನೇರ ಮಾಡುವಾಗ
ಸಲಿಕೆ ಹಿಡಿದು ನಿಂತಿದ್ದ, ಪಕ್ಕದ ತೋಟದ ಕೂಲಿ, ಮೊತಾಲೇಬ್.
ನಿದ್ದೆ ಹೊಡೆದಿದ್ದ. ಧಣಿಯ ಸರದಿ ಹರಿದು
ಹಳ್ಳದ ಕಲ್ಲು ತೊಳೆದು ಹೋಗಿತ್ತು.
ಬಾರಿಸಾಲ್ ಅವನದು. ನೀರು ಹೇಳದೆ ಕೇಳದೆ
ಅಡುಗೆಮನೆಗೆ ಬರುವ ನಾಡು.
ಇಲ್ಲಿ ಒಣ ಪಾತಿ ನೋಡುತ್ತ ನಿಂತಿದ್ದ,
ಏನನ್ನೂ ಬೇಡಲಿಲ್ಲ.
ಬೆಳಗಾದರೆ ಧಣಿ ಮಣ್ಣು ಮುಟ್ಟಿ ನೋಡುತ್ತಾನೆ.

ತಪ್ಪಿದ ಸರದಿ ತಪ್ಪಿದ್ದೇ. ಅದು ಊರಿನ ಮಾತು,
ಅದನ್ನು ಮುರಿಯಲು ನಾನಾರು?
ನಮ್ಮ ಪಾಲು ಮಾತ್ರ ನಮ್ಮದು.
ಅರ್ಧ ಬಿಟ್ಟೆ.

ದಯೆ ಅನ್ನಬೇಡಿ ಇದನ್ನ. ಸಿಟ್ಟು ಬಂದಿತ್ತು ನನಗೆ
ಅವನ ಮೇಲೆ, ಅವನ ನಿದ್ದೆಯ ಮೇಲೆ.
ಅಂಥ ನಿದ್ದೆ ನನ್ನ ಕಣ್ಣು ಮುಟ್ಟದೆ ಎಷ್ಟು ಕಾಲವಾಯಿತು!
ಸಲಿಕೆ ಅವನು ಎಳೆದ ಸದ್ದು ಕೇಳುತ್ತ
ಲೆಕ್ಕ ಹಾಕಿದೆ: ಮೂರು ಗಿಡಕ್ಕೆ ಉಂಟು, ಮೂರಕ್ಕಿಲ್ಲ.
ಯಾವ ಮೂರು ಎಂದು ಅವ್ವನಿಗೆ ಹೇಳಲಿ?

ಮೂರು ಗಂಟೆ. ಇನ್ನು ಹಿಲಾಲನದು.
ಕಲ್ಲು ಎತ್ತಬೇಕು.
ಎತ್ತಲಿಲ್ಲ.
ಚಪ್ಪಲಿ ಕಳಚಿ ಕಾಲುವೆಯ ಅಂಚಿಗೆ ಕೂತು
ಎರಡೂ ಕಾಲು ಇಳಿಬಿಟ್ಟೆ.
ಉಗುರುಬೆಚ್ಚಗೆ, ಬೆಟ್ಟದ ಒಳಗಿನ ಬಿಸಿ ಇನ್ನೂ ಆರದ ನೀರು.
ಬೆರಳುದ್ದವೂ ಇಲ್ಲದ ಮೀನುಗಳು ಬಂದು
ಹಿಮ್ಮಡಿಯ ಸತ್ತ ಚರ್ಮ ಕಚ್ಚಿ ಕಚ್ಚಿ ನೋಡಿದವು.
ನಗು ಬಂತು, ಒಬ್ಬಳಿಗೇ, ಕತ್ತಲಲ್ಲಿ.
ಮಗಳಲ್ಲ, ಅಕ್ಕನಲ್ಲ, ಊರ ನೀರುಗಂಟಿಯೂ ಅಲ್ಲ,
ಮೀನಿಗೆ ನಾನೊಂದು ಊಟ.

ನೀರು ತನ್ನ ಪಾಡಿಗೆ ನಾಲ್ಕನೆಯ ನಿಂಬೆಯ ಬುಡ ಹುಡುಕಿತ್ತು.
ನಾನು ಕಳಿಸಲಿಲ್ಲ. ತಡೆಯಲೂ ಇಲ್ಲ.

ಬೆಳಿಗ್ಗೆ ಖರ್ಜೂರದ ತಟ್ಟೆ ತಡವುತ್ತ ಅಪ್ಪ ಕೇಳಿದ:
‘ಹಿಲಾಲನ ಚುಕ್ಕಿ ರಾತ್ರಿ ತಡವಾಗಿ ಹುಟ್ಟಿತೇನು?’
ಗೋಡೆಯಾಚೆ ನೀರು ದಿಕ್ಕು ಬದಲಿಸುವುದನ್ನು
ಮಲಗಿದಲ್ಲೇ ಕೇಳಿದ್ದ.
‘ನಾಲ್ಕು ನಿಮಿಷ’ ಅಂದೆ.
‘ನಾಲ್ಕು ತೆಗೆದರೆ ಐದು ಕೊಡಬೇಕು’ ಅಂದ.
ಯಾವ ಪಾಲಿನಿಂದ ಎಂದು ನಾನು ಕೇಳಲಿಲ್ಲ.
ಕಾಫಿ ಬಗ್ಗಿಸಿದೆ.

ಹೊದಿಕೆಯ ತುದಿಯಲ್ಲಿ ಅವನ ಕಾಲ ಬೆರಳು
ಸುಮ್ಮನೆ ಮಿಸುಕುತ್ತಿದ್ದವು,
ಮೀನು ಕಚ್ಚಿದ ಹಾಗೆ.