ಷರಾ

ಮುನ್ನೂರ ಹನ್ನೆರಡು ಮಂದಿಗೆ
ಒಂದೇ ಕಾಗದ ಬರೆಯುವ ಕೆಲಸ ನನ್ನದು.
ಅಝೋರ್ಸಿನ ಒಂಬತ್ತು ದ್ವೀಪ,
ಹಾಲಿನ ಸೊಸೈಟಿಗಳು, ಚೀಸ್ ಮಾಗುವ ನೆಲಮಾಳಿಗೆಗಳು,
ತೇವಕ್ಕೆ ಹೆದರಿ ಪ್ಲಾಸ್ಟಿಕ್ ಹೊದ್ದ ಕೀಲಿಮಣೆಗಳು.
ಹದಿನಾಲ್ಕು ವರ್ಷದಿಂದ ಅಲ್ಲಿ ನಮ್ಮ ತಂತ್ರಾಂಶದ ಮೂರನೇ ಆವೃತ್ತಿ:
ಯಾವ ಚಕ್ರವನ್ನು ಯಾರು ಯಾವತ್ತು ಮಗುಚಿದರು,
ಎಷ್ಟು ತೂಕ ಇಳಿಯಿತು, ಎಲ್ಲಿ ಬೂಸಲು.

ಮಾರ್ಚಿ ಹದಿನೆಂಟಕ್ಕೆ ನಾಲ್ಕನೆಯದು ಬರುತ್ತದೆ.
ಮೂರನೆಯದು ಹಿಂದಿನ ರಾತ್ರಿಯೇ ನಿಲ್ಲುತ್ತದೆ.
ವಿಷಯ ಇಷ್ಟೇ. ಎರಡು ಸಾಲು.

ಎರಡು ಸಾಲಿಗೆ ಮೂರು ವಾರ ಹಿಡಿಯಿತು.

ನಮ್ಮ ಸಾಹೇಬ ವಾಲ್ದೆಮಾರನಿಗೆ ಕಾಗದವೆಂದರೆ
ಬೆಣ್ಣೆಯಿಂದ ಕೂದಲು ತೆಗೆದ ಹಾಗಿರಬೇಕು.
‘ಕ್ಷಮಿಸಿ’ ಇದ್ದಲ್ಲಿ ‘ಸಂತೋಷದಿಂದ ತಿಳಿಸುತ್ತೇವೆ’ ಬಂತು.
‘ತೆಗೆದಿದ್ದೇವೆ’ ಹೋಗಿ ‘ಸರಳಗೊಳಿಸಿದ್ದೇವೆ’ ಆಯಿತು.
‘ಕೆಲವನ್ನು ಹೊಸದಾಗಿ ಕಲಿಯಬೇಕು’ ಎಂದು ಬರೆದಿಟ್ಟು
ಊಟ ಮುಗಿಸಿ ಬರುವಷ್ಟರಲ್ಲಿ
ಕಲಿಯುವುದೇ ಏನೂ ಇರಲಿಲ್ಲ.

ಒಂದು ಸಂಗತಿ ಮಾತ್ರ ಎಲ್ಲಿಟ್ಟರೂ ಚುಚ್ಚುತ್ತಿತ್ತು.
ಪರದೆಯ ಬಲ ಅಂಚಿಗೆ, ತೂಕದ ಪಕ್ಕ,
‘ಷರಾ’ ಎಂದೊಂದು ಕಾಲಂ.
ಹೊಸದರಲ್ಲಿ ಅದಿಲ್ಲ.
ಯಾರೂ ಬಳಸಲ್ಲ ಬಿಡಿ, ಅಂದರು ಹುಡುಗರು,
ಕೂಡೋಕೂ ಬಾರದ ಕಳೆಯೋಕೂ ಬಾರದ ಕಾಲಂ.

ಒಂದು ಸಂಜೆ ತೆರೆದು ನೋಡಿದೆ.
ಹನ್ನೊಂದು ಸಾವಿರ ಸಾಲು.

“ಮಂಜು. ಲಾರಿ ಬರಲಿಲ್ಲ.”
“ಮೂರನೇ ಹಲಗೆ ಅಲುಗುತ್ತೆ, ಹೆಗಲು ಜೋಪಾನ.”
“ಎರ್ಮೀನಿಯು, ನಿನ್ನ ಟೋಪಿ ಉಪ್ಪಿನ ತೊಟ್ಟಿಯ ಹತ್ತಿರ.”
“ಹತ್ತಿರ ಅಲ್ಲ, ಒಳಗಿತ್ತು.”
“ರಾತ್ರಿ ಎರಡಕ್ಕೆ ನೆಲ ನಡುಗಿತು.
ಇಪ್ಪತ್ತು ಚಕ್ರ ಬಿದ್ದವು. ನಾನು ಬೀಳಲಿಲ್ಲ.”
ಕಳೆದ ಅಕ್ಟೋಬರಿನದು:
“ದೆಯೊಲಿಂದಾಗೆ ಹೆಣ್ಣು ಮಗು.
ಮೂರು ಕಿಲೊ ನೂರು. ಇನ್ನೂ ಮಾಗಬೇಕು.”

ಹಗಲು ಪಾಳಿ ಬಿಟ್ಟುಹೋದದ್ದು ರಾತ್ರಿ ಪಾಳಿಗೆ.
ಒಂದೇ ಕುರ್ಚಿಯ ಬಿಸಿ ಹಂಚಿಕೊಂಡು
ಹದಿನಾಲ್ಕು ವರ್ಷ ಮುಖ ನೋಡದವರು.

ಮರುದಿನ ಮೂರನೇ ಪ್ಯಾರಾದಲ್ಲಿ ಹೀಗೆ ಬರೆದೆ:
ಷರಾ ಕಾಲಂ ಹೋಗುತ್ತದೆ.
ಅಲ್ಲಿ ನೀವು ಬರೆದದ್ದು ಹೊಸದಕ್ಕೆ ಬರುವುದಿಲ್ಲ.
ಬೇಕಾದವರು ಹದಿನೇಳರೊಳಗೆ ಅಚ್ಚು ಹಾಕಿಕೊಳ್ಳಿ. ಕ್ಷಮಿಸಿ.

ವಾಲ್ದೆಮಾರ್ ಪೆನ್ನಿನ ಮುಚ್ಚಳ ತೆಗೆದ.
ಓದಿದ. ಇನ್ನೊಮ್ಮೆ ಓದಿದ. ಮುಚ್ಚಳ ಹಾಕಿದ.
“ಇದೊಂದು ಇರಲಿ.”

ಮುನ್ನೂರ ಹನ್ನೆರಡಕ್ಕೆ ಒಂಬತ್ತು ಉತ್ತರ.
ಬೆಲೆ ಏರುತ್ತದೆಯೇ ಎಂದು ಆರು ಜನ,
ಅಕ್ಷರ ದೊಡ್ಡದಿದೆಯೇ ಎಂದು ಇಬ್ಬರು,
ಗಂಡನ ಹೆಸರು ತೆಗೆದುಹಾಕಿ ಎಂದು ಒಬ್ಬಾಕೆ.
ಎರ್ಮೀನಿಯು ಬರೆಯಲಿಲ್ಲ, ಫೋನು ಮಾಡಿದ.
“ಅಚ್ಚು ಅಂದಿರಿ. ನಮ್ಮ ಯಂತ್ರ ಚೀಸಿನ ಲೇಬಲ್ಲು ಬಿಟ್ಟು
ಬೇರೇನೂ ಹಾಕಲ್ಲ ಅಮ್ಮಾ.”
ಲೇಬಲ್ಲಿನ ಮೇಲೇ ಹಾಕಿ, ಅಂದೆ.
ಆ ಕಡೆ ಸ್ವಲ್ಪ ಹೊತ್ತು ಹಸುವಿನ ಗಂಟೆ ಮಾತ್ರ.
“ಹಾಗಾದರೆ ಅಂಟು ಕೂಡ ಇರುತ್ತೆ,” ಅಂದ.

ಹದಿನೆಂಟು ಬಂತು, ಹೋಯಿತು. ಯಾರೂ ಸಾಯಲಿಲ್ಲ.
ನಾಲ್ಕನೆಯದು ನಿಜಕ್ಕೂ ಚೆನ್ನಾಗಿದೆ, ಬೇಗ ಏಳುತ್ತದೆ,
ಅಕ್ಷರವೂ ದೊಡ್ಡದು.

ಏಪ್ರಿಲಿನಲ್ಲಿ ಹುಡುಗರು ಕರೆದು ತೋರಿಸಿದರು.
ಸಾಂವ್ ಜೋರ್ಜಿನ ಒಂದು ನೆಲಮಾಳಿಗೆ,
‘ಲಾರಿ ಸಂಖ್ಯೆ’ ಎಂಬಲ್ಲಿ ಹೀಗಿದೆ:
“ಮಂಜು. ಲಾರಿ ಬರಲಿಲ್ಲ, ಹಾಗಾಗಿ ಸಂಖ್ಯೆ ಇಲ್ಲ.
ಹುಡುಗಿಗೆ ಹಲ್ಲು ಬಂತು.”

ಅಂಕಿ ಬಿಟ್ಟು ಬೇರೇನೂ ತಗೊಳ್ಳದ ಹಾಗೆ ಬಿಗಿ ಮಾಡ್ತೀವಿ,
ಎಲ್ಲರಿಗೂ ತಿಳಿಸಿ ಒಂದು ಕಾಗದ ಬರೀತೀರಾ, ಅಂದರು.
ಅದು ಹೋಗುವ ತನಕ ಬಿಗಿ ಮಾಡುವಂತಿಲ್ಲ; ಅದು ನಿಯಮ.

ಬರೀತೀನಿ, ಅಂದೆ.
ಈಗ ಜೂನ್.
ಮೊದಲ ಸಾಲು ಇನ್ನೂ ಸರಿ ಬರುತ್ತಿಲ್ಲ.