ಆರು–ಮೂರು

ಮೂರನೇ ಸಾಲು, ಹದಿನಾಲ್ಕನೇ ಕುರ್ಚಿ.
ಬಲಗೈ ಮುರಿದು ಹೋಗಿದೆ, ಹಾಗಾಗಿ ಕಾಫಿ ಕಾಲ ಬಳಿ,
ಮಡಿಲಲ್ಲಿ ಲೆಕ್ಕದ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು.
ಈರಿ ಸರೋವರದ ಗಾಳಿ
ಮೇ ತಿಂಗಳಲ್ಲೂ ಕಂಬಳಿಯನ್ನು ಲೆಕ್ಕಕ್ಕಿಡುವುದಿಲ್ಲ.

ಹಾರ್ಲನ್ ಪ್ರೂಯಿಟ್, ನಮ್ಮ ಮ್ಯಾನೇಜರು,
ನಲವತ್ತೊಂದು ಆಟಕ್ಕೆ ಮೂವತ್ತೆಂಟು ಬ್ಯಾಟಿಂಗ್ ಪಟ್ಟಿ ಬರೆದವನು.
ಎಣಿಸಿದ್ದೇನೆ.
ನಿನ್ನೆಯ ಮೂರನೆಯವ ಇವತ್ತು ಎಂಟನೆಯವ,
ಎಂಟನೆಯವ ಮೊದಲಿಗ, ಮೊದಲಿಗ ಬೆಂಚಿನ ಮೇಲೆ
ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತ.
ಕುಣಿಯಲಾರದವಳು ನೆಲ ಡೊಂಕೆಂದಳಂತೆ;
ಇವನು ದಿನಾ ನೆಲವನ್ನೇ ಕಿತ್ತು ಮತ್ತೆ ಹಾಸುತ್ತಾನೆ.

ಮೂವತ್ತೊಂದು ವರ್ಷ ಗಾಜಿನ ಕಾರ್ಖಾನೆಯಲ್ಲಿ
ಬೆಲ್ಟಿನ ಪಕ್ಕ ನಿಂತವಳು ನಾನು.
ಬಾಟಲಿ ಬಿರುಕು ಬಿಟ್ಟು ಬಂದರೆ ಕುಲುಮೆ ನೋಡಬೇಕು.
ನಿಂತ ಹೆಂಗಸರ ಜಾಗ ಬದಲಿಸಿದರೆ ಬಿರುಕು ಕೂಡುತ್ತದೆಯೇ?
ಫೋರ್‌ಮನ್ ಬದಲಿಸುತ್ತಲೇ ಇದ್ದ.

ಆದರೆ ಮಂಗಳವಾರದ ಮಾತು ಬೇರೆ.
ಏಳನೇ ಇನ್ನಿಂಗ್ಸ್, ಇಬ್ಬರು ಔಟ್,
ಯೊರ್ಮಾನ್ ಉರ್ದನೇತ ಹೊಡೆದ ಚೆಂಡು ಉರುಳಿ
ನೆಟ್ಟಗೆ ಶಾರ್ಟ್‌ಸ್ಟಾಪಿನ ಕೈಗೆ.
ನಾಲ್ಕು ಹೆಜ್ಜೆ ಓಡಿದ. ಆಮೇಲೆ ನಡೆದ,
ಸಂತೆಯಲ್ಲಿ ಸೌತೆಕಾಯಿ ನೋಡುವವನ ಹಾಗೆ.
ಅಷ್ಟರಲ್ಲಿ ಚೆಂಡು ಅವನ ಕೈಯಿಂದ ಜಾರಿತು!
ಬಿತ್ತು, ತಡಕಾಡಿದ, ಎತ್ತಿದ, ಎಸೆದ,
ನಮ್ಮವನು ಇನ್ನೂ ದಾರಿಯಲ್ಲೇ.

ಎದ್ದು ನಿಂತು ಕೂಗಿದೆ. ಏನು ಕೂಗಿದೆನೋ ಇಲ್ಲಿ ಬರೆಯಲಾರೆ,
ಪಕ್ಕದಲ್ಲಿ ಪಾದ್ರಿ ಸೊಬೊಟ್ಕಾ ಕೂತಿದ್ದರು.
ತೊಂಬತ್ತು ಅಡಿ!
ತೊಂಬತ್ತು ಅಡಿ ಓಡಲು ಪ್ರತಿಭೆ ಬೇಕಿಲ್ಲ.
ಶಾರ್ಟ್‌ಸ್ಟಾಪ್ ಆರು, ಮೊದಲ ಬೇಸಿನವನು ಮೂರು:
ಪೆನ್ಸಿಲ್ ಮುರಿಯುವಷ್ಟು ಒತ್ತಿ ಬರೆದೆ, ಆರು–ಮೂರು.

ಬುಧವಾರ ಹಲಗೆಯಲ್ಲಿ ಅವನ ಹೆಸರಿಲ್ಲ.
ಆ ಜಾಗಕ್ಕೆ ಕೋಲ್ಬಿ ಟ್ರೆಂಥಮ್, ಗುಂಗುರು ಕೂದಲಿನ ಹುಡುಗ.
ಬೀಳಬೇಕಾದ ಚೆಂಡಿಗೂ ಬೀಳುತ್ತಾನೆ, ಬೇಡದ್ದಕ್ಕೂ ಬೀಳುತ್ತಾನೆ,
ಅಂಗಿ ಕೆಂಪು ಮಣ್ಣಾದಂತೆ ಜನರ ಚಪ್ಪಾಳೆ.
ನಾನೂ ತಟ್ಟಿದೆ.
ನಾಲ್ಕು ಸಲ ಬ್ಯಾಟ್ ಹಿಡಿದ, ನಾಲ್ಕು ಸಲವೂ ಔಟ್.

ರಾತ್ರಿ ಅಡುಗೆಮನೆಯ ದೀಪದಡಿ ಪುಸ್ತಕ ತಿರುವಿದೆ,
ಉರ್ದನೇತನ ವಿರುದ್ಧ ಇನ್ನಷ್ಟು ಸಾಕ್ಷಿ ಸಿಗಲೆಂದು.
ಮೇ ಆರು. ಹನ್ನೊಂದು–ಸೊನ್ನೆಯ ಸೋಲು, ತುಂತುರು,
ನಾನು, ಪಾದ್ರಿ, ಪಾಪ್‌ಕಾರ್ನ್ ಮಾರುವ ಹುಡುಗಿ.
ಒಂಬತ್ತನೇ ಇನ್ನಿಂಗ್ಸ್. ಉರ್ದನೇತ: ಆರು–ಮೂರು.

ಅವನು ಓಡಿದ್ದ.
ಹೆಲ್ಮೆಟ್ ತಲೆ ಬಿಟ್ಟು ಹಾರುವ ಹಾಗೆ ಓಡಿದ್ದ,
ಅರ್ಧ ಹೆಜ್ಜೆಯಲ್ಲಿ ಔಟ್.
ಬೇಸಿನಾಚೆ ತೊಡೆ ಹಿಡಿದು ಬಗ್ಗಿ ನಿಂತಿದ್ದ, ಸುಮಾರು ಹೊತ್ತು.
ನಾನು ಥರ್ಮಸ್ಸಿನ ಮುಚ್ಚಳ ಹುಡುಕುತ್ತಿದ್ದೆ.

ಎರಡರ ಮೇಲೂ ಬೆರಳಿಟ್ಟೆ.
ಅದೇ ಆರು, ಅದೇ ಮೂರು, ಅದೇ ನನ್ನ ಸೊಟ್ಟ ಕೈಬರಹ.
ಓಟಕ್ಕೆ ಈ ಪುಸ್ತಕದಲ್ಲಿ ಗುರುತಿಲ್ಲ.
ಬೆಲ್ಟಿನಿಂದ ನಾನು ಹಿಡಿದು ತೆಗೆದ ಬಾಟಲಿಗಳಿಗೂ ಇರಲಿಲ್ಲ;
ಕಣ್ತಪ್ಪಿ ಹೋದ ಒಂದಕ್ಕೆ ಮಾತ್ರ
ಗುಲಾಬಿ ಬಣ್ಣದ ಚೀಟಿ ಬರುತ್ತಿತ್ತು.

ಕ್ಷಮಿಸಿದೆ ಅಂತಲ್ಲ.
ಮಂಗಳವಾರ ಓಡಬೇಕಿತ್ತು. ತೊಡೆ ನೋವಿದ್ದರೆ ಹೇಳಬೇಕಿತ್ತು.
ಹೇಳಿದವನ ಹೆಸರು ಮರುದಿನ ಪಟ್ಟಿಯಲ್ಲಿ ಇರುವುದಿಲ್ಲ,
ಮೂವತ್ತೆಂಟು ಪಟ್ಟಿ ಎಣಿಸಿದವಳಿಗೆ ಅದೂ ಗೊತ್ತಿಲ್ಲವೇ.

ಗುರುವಾರ, ಪಟ್ಟಿ ನಲವತ್ತು. ಉರ್ದನೇತ ಏಳನೆಯವ.
ನೆಲದುದ್ದಕ್ಕೆ ಉರುಳಿದ ಚೆಂಡು, ಎರಡನೇ ಬೇಸಿನವನ ಕೈಗೆ.
ನಾನು ಚೆಂಡು ನೋಡಲಿಲ್ಲ, ಕಾಲು ನೋಡಿದೆ.
ಮುಕ್ಕಾಲು ಓಡಿದ; ಕಾಲು ಭಾಗ ಎಳೆದುಕೊಂಡು ಹೋದ.
ನಾಲ್ಕು–ಮೂರು ಎಂದು ಬರೆದು
ಪಕ್ಕದಲ್ಲಿ ಒಂದು ಗೀರು ಎಳೆದೆ, ತುದಿ ಮುಟ್ಟದ ಹಾಗೆ.

ಏನದು, ಅಂದರು ಪಾದ್ರಿ.
ಇನ್ನೂ ಹೆಸರಿಟ್ಟಿಲ್ಲ, ಅಂದೆ.
ನಿಮ್ಮ ಕೊಡೆ ಆಚೆ ಸರಿಸಿ,
ಮೊದಲ ಬೇಸು ಕಾಣಿಸುತ್ತಿಲ್ಲ.